ಚಿಕ್ಕಮುನಿಯಪ್ಪನ ಹಿಂದಡಿ

ಎಂಬತ್ತರ ದಶಕದ ಕೊನೆಗೆ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯ ಕೂಲಿಯವರ ಸಾಲುಮನೆಗಳ ಲೈನುಗಳಲ್ಲಿ ‘ಡ್ಯಾನ್ಸ್ ಮಾಸ್ಟರ್ ರಿಕ್ಕಿ’ ಎಂದರೆ ಗೊತ್ತಿಲ್ಲದವರಿರಲಿಲ್ಲ. ಕುಪ್ಪುಸ್ವಾಮಿ ಮನೆ ಎಲ್ಲಿ ಎಂದು ಕೇಳಿದರೆ ಮಾತ್ರ ಯಾವ ಕುಪ್ಪುಸ್ವಾಮಿ, ಯಾವ ಲೈನು, ಅಪ್ಪ ಗಣಿಗೆ ಇಳಿಯುವುದು ಯಾವ ಶಾಫ್ಟಿನಲ್ಲಿ ಎಂದು ಮೂರು ಪ್ರಶ್ನೆ ಬರುತ್ತಿದ್ದವು. ಇಬ್ಬರೂ ಒಬ್ಬನೇ. ಹೆತ್ತವರು ಇಟ್ಟ ಹೆಸರನ್ನು ಇಪ್ಪತ್ತನೇ ವಯಸ್ಸಿನಲ್ಲಿ ಹಳೇ ಅಂಗಿಯ ಹಾಗೆ ಕಳಚಿಹಾಕಿ ರಿಕ್ಕಿಯಾದವನು ನಮ್ಮ ಕುಪ್ಪುಸ್ವಾಮಿ. ಅದಕ್ಕಾಗಿ ಅವನನ್ನು ಬಯ್ಯುವುದು ಬೇಡ. ಆ ವಯಸ್ಸಿನಲ್ಲಿ ಕನ್ನಡಿ ಎದುರು ನಿಂತು ಯಾರು ಏನೇನು ಹೆಸರಿಟ್ಟುಕೊಂಡಿಲ್ಲ! ಬಯ್ಯಬೇಕಾದದ್ದು ಬೇರೆ ಇದೆ, ಅದಕ್ಕೆ ಅವನೇ ತನ್ನನ್ನು ತಾನು ಬಯ್ದುಕೊಳ್ಳುತ್ತಾ ಬಂದಿದ್ದಾನೆ.

ಅವನಪ್ಪ ಚಿಕ್ಕಮುನಿಯಪ್ಪ ಬೂದಿಕೋಟೆ ಪಕ್ಕದ ಹಳ್ಳಿಯವನು. ಗಣಿ ಕೆಲಸಕ್ಕೆಂದು ಬಂದು, ಉರಿಗಾಂನ ತಮಿಳು ಮನೆಯ ಮಾರಿಯಮ್ಮನನ್ನು ಕಟ್ಟಿಕೊಂಡು, ಲೈನಿನ ಒಂದೂವರೆ ಕೋಣೆಯಲ್ಲಿ ಸಂಸಾರ ಹೂಡಿದವನು. ಅಪ್ಪನ ಕನ್ನಡ, ಅಮ್ಮನ ತಮಿಳು, ಗೋಡೆಯಾಚೆಯ ಮನೆಯ ತೆಲುಗು ಮೂರೂ ಆ ಮನೆಯಲ್ಲಿ ಒಂದೇ ಪಾತ್ರೆಯಲ್ಲಿ ಬೇಯುತ್ತಿದ್ದವು. ಆರು ದಿನ ಚಿಕ್ಕಮುನಿಯಪ್ಪ ನೆಲದಡಿ ಇಳಿಯುತ್ತಿದ್ದ. ಏಳನೆಯ ದಿನ, ಇಲ್ಲವೇ ಊರಿಂದ ಆಳು ಬಂದ ದಿನ, ತಮಟೆಯನ್ನು ಹೆಗಲಿಗೆ ಹಾಕಿಕೊಂಡು ಬೂದಿಕೋಟೆ ಬಸ್ಸು ಹತ್ತುತ್ತಿದ್ದ. ಅವರದು ಮುತ್ತಜ್ಜನ ಕಾಲದಿಂದ ಆ ಸೀಮೆಗೆ ತಮಟೆ ಬಡಿಯುವ ಮನೆ. ಮದುವೆಗೂ ಅವರೇ, ದೇವರಿಗೂ ಅವರೇ, ಸಾವಿಗೂ ಅವರೇ.

ಸಾವಿನ ಮುಂದೆ ಹಾಕುವ ಹೆಜ್ಜೆಗೆ ಅವರ ಮನೆಯಲ್ಲಿ ಹಿಂದಡಿ ಎಂದು ಹೆಸರು. ಚಟ್ಟದ ಮುಂದೆ ಕುಣಿಯುವವನು ಹೆಣಕ್ಕೆ ಬೆನ್ನು ತೋರಿಸುವಂತಿಲ್ಲ. ಹೆಣದ ಮುಖವನ್ನೇ ನೋಡುತ್ತಾ, ಎಡಗಾಲಿನ ಹಿಮ್ಮಡಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿ, ಪಾದ ಎತ್ತದೆ ಹಿಂದಕ್ಕೆ ಜಾರಬೇಕು. ಮನೆಯ ಅಂಗಳದಿಂದ ಗುಂಡಿಯವರೆಗೂ ಹಾಗೇ, ದಾರಿಯಲ್ಲಿ ಕಲ್ಲಿರಲಿ, ಕೆಸರಿರಲಿ. ಕುಪ್ಪುಸ್ವಾಮಿ ನಾಲ್ಕೈದು ವರ್ಷದವನಿದ್ದಾಗ ಅಪ್ಪನ ಪಂಚೆಯ ಚುಂಗು ಹಿಡಿದು, ಅವನ ಜೊತೆ ಹಿಂದಕ್ಕೆ ಜಾರಿ ಜಾರಿ ಎಷ್ಟೋ ಜನ ಮುದುಕರನ್ನು ಕಳಿಸಿಕೊಟ್ಟಿದ್ದ. ಆಗ ಅದು ಅವನಿಗೆ ಬಹಳ ಮಜದ ಆಟವಾಗಿತ್ತು.

ಸ್ಕೂಲಿಗೆ ಸೇರಿದ ಮೇಲೆ ಆಟ ಮುಗಿಯಿತು. ಜೊತೆಯ ಹುಡುಗರು ಅವನು ಬೆಂಚಿನ ಹತ್ತಿರ ಬಂದರೆ ಸತ್ತವರ ಹಾಗೆ ಕಣ್ಣು ಮುಚ್ಚಿ ಮಲಗಿ, ‘ಎಲ್ಲಿ, ನಿಮ್ಮಪ್ಪನ್ನ ಕರಿ’ ಎನ್ನುತ್ತಿದ್ದರು. ಹತ್ತು ವರ್ಷ ತುಂಬುವಷ್ಟರಲ್ಲಿ ಅವನು ಬೂದಿಕೋಟೆ ಬಸ್ಸು ಹತ್ತುವುದನ್ನು ಬಿಟ್ಟ. ಅಪ್ಪ ತಮಟೆ ಹೊತ್ತು ಹೊರಟರೆ ಬಾಗಿಲ ಒಳಗೆ ಸರಿದುಕೊಳ್ಳುತ್ತಿದ್ದ. ಚಿಕ್ಕಮುನಿಯಪ್ಪನಿಗೆ ಅದು ಕಾಣದೇ ಇರಲಿಲ್ಲ, ಆದರೆ ಅವನು ಕಂಡದ್ದನ್ನೆಲ್ಲ ಆಡುವ ಜಾತಿಯ ಮನುಷ್ಯನಲ್ಲ.

ಅಷ್ಟಕ್ಕೂ ಆ ಗಣಿ ಊರಿನಲ್ಲಿ ಕುಣಿತಕ್ಕೇನು ಬರವಿತ್ತೆ? ಕುಣಿಯುವವನ ಕಾಲು ನೋಡಿ ಅವನ ಮೂಲ ಹೇಳುವ ಮುದುಕರು ಪ್ರತಿ ಲೈನಿನಲ್ಲೂ ಇದ್ದರು. ಆರ್ಕಾಟಿನ ಕಡೆಯಿಂದ ಬಂದವರು ನಾಲಿಗೆ ಕಚ್ಚಿ, ಭುಜ ಕುಲುಕಿಸಿ, ನಿಂತಲ್ಲೇ ಚಿಮ್ಮುತ್ತಿದ್ದರು. ಕುಪ್ಪಂ ಕಡೆಯ ತೆಲುಗರು ಸೊಂಟ ಬಗ್ಗಿಸಿ ವಾದ್ಯವನ್ನು ಮೊಣಕಾಲಿಗೆ ತಾಗಿಸುತ್ತಾ ಗಿರಕಿ ಹೊಡೆಯುತ್ತಿದ್ದರು. ಬೂದಿಕೋಟೆ ಸೀಮೆಯವರದು ನಿಧಾನ. ಅವರು ನೆಲವನ್ನು ತುಳಿಯುತ್ತಿರಲಿಲ್ಲ, ಸವರುತ್ತಿದ್ದರು. ಇವೆಲ್ಲ ಒಂದೇ ಬೀದಿಯಲ್ಲಿ, ಒಂದೇ ಹಬ್ಬದಲ್ಲಿ, ಒಂದರ ಮೈಗೆ ಒಂದು ಉಜ್ಜಿಕೊಂಡು ಬೆಳೆಯುತ್ತಿದ್ದವು.

ಅದರ ನಡುವೆ ಎಂಬತ್ತಾರರ ಸುಮಾರಿಗೆ ವಿಡಿಯೋ ಕ್ಯಾಸೆಟ್ಟಿನೊಳಗಿಂದ ಬ್ರೇಕ್ ಡ್ಯಾನ್ಸ್ ಇಳಿದು ಬಂತು. ಮೂಳೆಯಿಲ್ಲದವರ ಹಾಗೆ ಕೈ ಅಲೆಯಾಡಿಸುವುದು, ಕೀಲಿ ಕೊಟ್ಟ ಬೊಂಬೆಯ ಹಾಗೆ ಕತ್ತು ತಿರುಗಿಸುವುದು, ತಲೆ ಕೆಳಗೆ ಮಾಡಿ ಬುಗುರಿಯಂತೆ ಸುತ್ತುವುದು. ಲೈನಿನ ಹುಡುಗರಿಗೆಲ್ಲ ಹುಚ್ಚು ಹಿಡಿಯಿತು. ಎಲ್ಲರಿಗಿಂತ ಹೆಚ್ಚು ಹಿಡಿದದ್ದು ಕುಪ್ಪುಸ್ವಾಮಿಗೆ. ಬೆರಳು ಕತ್ತರಿಸಿದ ಗ್ಲೌಸು, ಹಣೆಗೆ ಪಟ್ಟಿ, ಕಪ್ಪು ಕನ್ನಡಕ. ಕ್ಯಾನ್ವಾಸ್ ಶೂಗಳ ಅಡಿಗೆ ಮೇಣದ ಬತ್ತಿ ತಿಕ್ಕಿ ಸಿಮೆಂಟು ನೆಲದ ಮೇಲೆ ಜಾರುವುದು. ಜಾರುವುದರಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ. ಬೇರೆಯವರು ತಿಂಗಳುಗಟ್ಟಲೆ ಬಿದ್ದು ಎದ್ದು ಕಲಿತದ್ದು ಅವನಿಗೆ ಮೊದಲ ದಿನವೇ ಬಂತು. ಯಾಕೆ ಬಂತು ಎಂದು ಅವನು ಯೋಚಿಸಲಿಲ್ಲ, ತನಗೆ ಹುಟ್ಟಾ ಪ್ರತಿಭೆ ಎಂದುಕೊಂಡ. ಉರಿಗಾಂ ಮೈದಾನದ ಡ್ಯಾನ್ಸ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತೆಗೆದುಕೊಂಡಾಗ ಮೈಕಿನವರು ‘ನಿಮ್ಮ ಗುರು ಯಾರು?’ ಎಂದು ಕೇಳಿದರು. ‘ಬೊಂಬಾಯಿ ಮಾಸ್ಟರ್’ ಅಂದುಬಿಟ್ಟ. ಬೊಂಬಾಯಿ ಯಾವ ದಿಕ್ಕಿಗಿದೆ ಎಂದು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಸುಳ್ಳು ಹೆಸರಿನ ಜೊತೆ ಸುಳ್ಳು ಗುರುವೂ ಗಟ್ಟಿಯಾಗಿ ನಿಂತರು.

ಎಂಬತ್ತೆಂಟರ ಮಾಘದಲ್ಲಿ ಬೂದಿಕೋಟೆಯಿಂದ ಕರೆ ಬಂತು. ಕೋದಂಡಪ್ಪ ಎನ್ನುವ ದೊಡ್ಡ ಕುಳದ ಮಗ ವೆಂಕಟೇಶಪ್ಪನಿಗೆ ಮದುವೆ. ವೆಂಕಟೇಶಪ್ಪ ಬಂಗಾರಪೇಟೆಯಲ್ಲಿ ಓದಿದವನು, ತನ್ನ ಮೆರವಣಿಗೆಯಲ್ಲಿ ಬ್ರೇಕ್ ಡ್ಯಾನ್ಸ್ ಇರಲೇಬೇಕು ಎಂದು ಹಠ ಹಿಡಿದಿದ್ದ. ಬೂದಿಕೋಟೆ ಎಂದ ಕೂಡಲೇ ರಿಕ್ಕಿ ತಡವರಿಸಿದ. ಹತ್ತು ಹನ್ನೆರಡು ವರ್ಷದಿಂದ ಮುಖ ತೋರಿಸದ ಊರು, ಯಾರು ಗುರುತು ಹಿಡಿಯುತ್ತಾರೆ ಬಿಡು ಎಂದು ಕನ್ನಡಕ ಏರಿಸಿಕೊಂಡು ಹೋದ. ಮೆರವಣಿಗೆಯಲ್ಲಿ ತಮಟೆಯೂ ಇರುತ್ತದೆ, ತಮಟೆ ಇದ್ದ ಮೇಲೆ ಅದನ್ನು ಹಿಡಿಯುವವನು ಯಾರು ಎನ್ನುವುದು ಅವನ ತಲೆಗೆ ಹೊಳೆಯಲೇ ಇಲ್ಲ.

ಬೆಳಗಿನ ಒಂಬತ್ತು ಗಂಟೆ. ಮದುಮಗ ತೆರೆದ ಜೀಪಿನಲ್ಲಿ ಕುಳಿತಿದ್ದ. ಮುಂದೆ ಟ್ರ್ಯಾಕ್ಟರಿನ ಮೇಲೆ ಟೇಪ್ ರೆಕಾರ್ಡರು, ಎರಡು ಸ್ಪೀಕರು. ಬಸ್ ಸ್ಟಾಂಡಿನ ಪಕ್ಕದ ಹುಣಸೆಮರದಡಿ ಹುಲ್ಲು ಹೊತ್ತಿಸಿ ತಮಟೆ ಕಾಯಿಸುತ್ತಿದ್ದ ನಾಲ್ವರಲ್ಲಿ ಒಬ್ಬ ತಲೆಯೆತ್ತಿ ನೋಡಿದ. ಅವನು ಚಿಕ್ಕಮುನಿಯಪ್ಪ. ಮಗನ ಹಣೆಪಟ್ಟಿಯನ್ನೂ ಕನ್ನಡಕವನ್ನೂ ಒಂದು ಕ್ಷಣ ನೋಡಿದ, ನೋಡಿ ತಾನೇ ಮುಖ ಆಚೆ ತಿರುಗಿಸಿಕೊಂಡ. ಕುಪ್ಪುಸ್ವಾಮಿಗೆ ಆಗ ಆದದ್ದು ನೆಮ್ಮದಿ. ಅಪ್ಪ ಮುಖ ತಿರುಗಿಸಿದನಲ್ಲ ಸದ್ಯ, ಎಂದು ಅವನ ಎದೆ ಹಗುರಾಯಿತು. ಮುಂದೆ ಅವನಿಗೆ ಅತಿ ಹೆಚ್ಚು ನಾಚಿಕೆ ತಂದದ್ದು ಆ ನೆಮ್ಮದಿಯೇ.

ಅರ್ಧ ದಾರಿ ಎಲ್ಲ ಚೆನ್ನಾಗಿಯೇ ನಡೆಯಿತು. ಕ್ಯಾಸೆಟ್ಟು ಹಾಡಿತು, ರಿಕ್ಕಿ ಕುಣಿದ, ಜಗಲಿಗಳ ಮೇಲೆ ಹೆಂಗಸರು ಬಾಯಿಯ ಮೇಲೆ ಕೈಯಿಟ್ಟುಕೊಂಡು ನೋಡಿದರು. ಕೋದಂಡಪ್ಪನ ಮನೆ ಇನ್ನು ಇಪ್ಪತ್ತು ಮಾರು ಇದೆ ಎನ್ನುವಾಗ ಟೇಪ್ ರೆಕಾರ್ಡರು ಎಳೆದಾಡಿ, ನರಳಿ, ನಿಂತುಹೋಯಿತು. ಬ್ಯಾಟರಿ ಸತ್ತಿತ್ತು. ನಡುರಸ್ತೆಯಲ್ಲಿ ಒಂದು ಕೈ ಮೇಲೆ, ಒಂದು ಕಾಲು ಮುಂದೆ ಮಾಡಿ ರಿಕ್ಕಿ ಹಾಗೇ ನಿಂತ. ಯಾರೋ ಕಿಸಕ್ಕನೆ ನಕ್ಕರು. ಹಾಡಿಲ್ಲದ ಬ್ರೇಕ್ ಡ್ಯಾನ್ಸರಿಗಿಂತ ನಗೆಪಾಟಲಿನ ಪ್ರಾಣಿ ಬೇರೆ ಇಲ್ಲ. ಅವನ ಕಿವಿ ಕೆಂಪಾಯಿತು.

ಆಗ ಹಿಂದಿನಿಂದ ಒಂದು ತಮಟೆ ಶುರುವಾಯಿತು. ಮದುವೆಗೆ ಬಡಿಯುವ ಗತ್ತೇ, ಆದರೆ ಕ್ಯಾಸೆಟ್ಟಿನ ಓಟಕ್ಕೆ ಹೊಂದಿಸಿ ಜೋರು ಮಾಡಿದ್ದು. ಚಿಕ್ಕಮುನಿಯಪ್ಪನಿಗೆ ಮಗ ಜನರೆದುರು ಕೈಸೋತು ನಿಂತದ್ದನ್ನು ನೋಡಲಾಗಲಿಲ್ಲ. ಉಳಿದ ಮೂವರೂ ಸೇರಿಕೊಂಡರು. ರಿಕ್ಕಿಯ ಮೈಯೊಳಗೆ ಏನೋ ತಾನಾಗಿ ಬಿಚ್ಚಿಕೊಂಡಿತು. ಅಷ್ಟು ಚೆನ್ನಾಗಿ ಅವನು ಅದುವರೆಗೂ ಕುಣಿದಿರಲಿಲ್ಲ, ಆಮೇಲೂ ಕುಣಿಯಲಿಲ್ಲ. ಖುಷಿ ತಲೆಗೇರಿ, ಜೀಪಿನ ಕಡೆ ತಿರುಗಿ, ಮದುಮಗನ ಮುಖ ನೋಡುತ್ತಾ ತನ್ನ ಹೆಸರಾಂತ ಜಾರುವಿಕೆಯನ್ನು ಹಾಕಿದ. ಎಡ ಹಿಮ್ಮಡಿ ಎರಡು ಸಲ ನೆಲಕ್ಕೆ ಕುಟ್ಟಿತು, ಪಾದ ಹಿಂದಕ್ಕೆ ಸರಿಯಿತು. ಮತ್ತೆ ಎರಡು ಸಲ, ಮತ್ತೆ ಹಿಂದಕ್ಕೆ.

ಕ್ಯಾಸೆಟ್ಟಿಗೆ ಹಾಕಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ತಮಟೆಯ ಜೊತೆ ಬಂದಾಗ ಇಡೀ ಬೀದಿಗೆ ತಿಳಿಯಿತು. ಕಣ್ಣೆದುರಿಗೆ ಮದುಮಗನ ಮುಂದೆ ಸಾವಿನ ಹೆಜ್ಜೆ ಬಿದ್ದಿತ್ತು. ಚಿಕ್ಕಮುನಿಯಪ್ಪನ ಕೈ ನಿಂತಿತು, ಉಳಿದ ತಮಟೆಗಳೂ ನಿಂತವು. ಜಗಲಿಯ ಹೆಂಗಸೊಬ್ಬಳು ‘ಅಯ್ಯಯ್ಯೋ’ ಎಂದು ಕಿರುಚಿದಳು. ಕೋದಂಡಪ್ಪ ಜೀಪಿನ ಪಕ್ಕದಿಂದ ನುಗ್ಗಿಬಂದ.

“ಯಾವನ್ಲಾ ಇವನು? ನನ್ ಮಗನ್ನ ಬದುಕಿದ್ದಂಗೇ ಗುಂಡಿಗೆ ಕಳಿಸ್ತೀಯೇನ್ಲಾ?”

ಅವನ ತೋಳು ಹಿಡಿದು ತಡೆದವಳು ಅವನ ತಾಯಿ ವೆಂಕಟರತ್ನಮ್ಮ, ಮದುಮಗನ ಅಜ್ಜಿ. ಅರವತ್ತೈದು ದಾಟಿದ, ಆ ಮನೆಯಲ್ಲಿ ಎಲ್ಲರೂ ಮಾತು ಕೇಳುವ ಹೆಂಗಸು. ಅವಳು ಕೂಗಾಡಲಿಲ್ಲ. ರಿಕ್ಕಿಯ ಹತ್ತಿರ ಬಂದು, ಕನ್ನಡಕದೊಳಗೆ ಇಣುಕುವ ಹಾಗೆ ನೋಡಿ ಕೇಳಿದಳು:

“ಯಾರ ಮಗನಪ್ಪ ನೀನು? ಈ ಎಜ್ಜೆ ಯಾರು ಕಲಿಸಿದ್ರು ನಿಂಗೆ?”

ಕುಪ್ಪುಸ್ವಾಮಿ ಅಪ್ಪನ ಕಡೆ ನೋಡಿದ. ಅಪ್ಪ ಅವನನ್ನೇ ನೋಡುತ್ತಿದ್ದ. ಆಡಬೇಕಾಗಿದ್ದದ್ದು ಒಂದೇ ಮಾತು. ಆ ಮಾತು ಆಡಿದರೆ ರಿಕ್ಕಿ ಅಲ್ಲೇ ಸಾಯುತ್ತಾನೆ, ತಮಟೆಯವನ ಮಗ ಕುಪ್ಪ ಉಳಿಯುತ್ತಾನೆ. ಜೊತೆಗೆ ಬಂದ ತಂಡದ ಹುಡುಗರು ಸಂಜೆಯೊಳಗೆ ಇಡೀ ಲೈನಿಗೆ ಸಾರುತ್ತಾರೆ. ಅವನು ಕನ್ನಡಕ ಸರಿಮಾಡಿಕೊಂಡು ಹೇಳಿದ:

“ನಾನು ಸಿಟಿಯವನು. ಇದು ಬೊಂಬಾಯಿ ಸ್ಟೈಲು. ಈ ಕಡೆಯವರು ಯಾರೂ ನನಗೆ ಗೊತ್ತಿಲ್ಲ.”

ಚಿಕ್ಕಮುನಿಯಪ್ಪ ಕಣ್ಣು ಕೆಳಗೆ ಹಾಕಿದ. ಎರಡು ಹೆಜ್ಜೆ ಮುಂದೆ ಬಂದು ತಮಟೆಯನ್ನು ವೆಂಕಟರತ್ನಮ್ಮನ ಕಾಲ ಬಳಿ ಇಟ್ಟ.

“ತಪ್ಪು ನಂದು ಅಮ್ಮ. ಕೈ ತಪ್ಪಿ ಸಾವಿನ ಗತ್ತು ಬಂದ್ಬುಡ್ತು. ಆವಯ್ಯ ಯಾರೋ ಪೇಟೆಯೋನು, ಗತ್ತಿಗೆ ತಕ್ಕಂಗೆ ಕಾಲಾಕ್ದ. ಅವನಿಗೇನು ಗೊತ್ತು?”

ಕೈ ತಪ್ಪಿರಲಿಲ್ಲ. ನಲವತ್ತು ವರ್ಷದಲ್ಲಿ ಚಿಕ್ಕಮುನಿಯಪ್ಪನ ಕೈ ತಪ್ಪಿದ್ದನ್ನು ಆ ಸೀಮೆ ಕಂಡಿರಲಿಲ್ಲ. ಜೊತೆಯ ಮೂವರು ತಮಟೆಯವರು ಮುಖ ಮುಖ ನೋಡಿಕೊಂಡರು, ಬಾಯಿ ಬಿಡಲಿಲ್ಲ. ಮದುವೆಯ ಮುಂದೆ ಸಾವಿನ ಗತ್ತು ಬಡಿದವನು ಆ ಊರಿನಲ್ಲಿ ಮತ್ತೆ ತಮಟೆ ಮುಟ್ಟುವಂತಿಲ್ಲ ಎನ್ನುವುದು ಅಲ್ಲಿಯ ಕಟ್ಟಳೆ. ಅದನ್ನು ಕೋದಂಡಪ್ಪ ಗಟ್ಟಿಯಾಗಿ ಹೇಳಿದ. ಚಿಕ್ಕಮುನಿಯಪ್ಪ ತಲೆಯಾಡಿಸಿ, ತಮಟೆಯನ್ನು ಅಲ್ಲೇ ಬಿಟ್ಟು, ಬಸ್ ಸ್ಟಾಂಡಿನ ಕಡೆ ನಡೆದುಹೋದ. ಮಗ ಬೇರೆ ಬಸ್ಸಿನಲ್ಲಿ ಬಂದ. ಅಷ್ಟರಮಟ್ಟಿಗೆ ಎಚ್ಚರಿಕೆ ಇತ್ತು ಅವನಿಗೆ!

ಆ ಸಂಜೆ ಮನೆಯಲ್ಲಿ ಮೂವರೂ ಊಟಕ್ಕೆ ಕೂತರು. ತಮಟೆಯ ಜಾಗ ಖಾಲಿ ಇದ್ದದ್ದನ್ನು ಕಂಡು ಮಾರಿಯಮ್ಮ ಕೇಳಿದಳು. ‘ಅರಿದೋಯ್ತು, ಬಿಸಾಕ್ಬಂದೆ’ ಎಂದ ಚಿಕ್ಕಮುನಿಯಪ್ಪ. ಕುಪ್ಪುಸ್ವಾಮಿ ಮುದ್ದೆಯನ್ನು ತಟ್ಟೆಯ ಅಂಚಿಗೆ ಸರಿಸಿದ. ಹೇಳಿಬಿಡಬೇಕು, ನಾಳೆಯೇ ಬೂದಿಕೋಟೆಗೆ ಹೋಗಿ ಎಲ್ಲರೆದುರು ಹೇಳಿಬಿಡಬೇಕು ಎಂದುಕೊಂಡ. ನಾಳೆ ಅವನಿಗೆ ಆಂಡರ್ಸನ್‌ಪೇಟೆಯಲ್ಲಿ ಪ್ರೋಗ್ರಾಂ ಇತ್ತು. ನಾಡಿದ್ದು ಹೋದರಾಯಿತು ಎಂದುಕೊಂಡ. ನಾಚಿಕೆಗೆ ಒಂದು ಗುಣವಿದೆ, ಮೊದಲ ದಿನ ಕೊಂಚ ನೂಕಿದರೆ ಕದಲುತ್ತದೆ. ದಿನ ಕಳೆದಷ್ಟೂ ಅದು ನೆಲಕ್ಕೆ ಕಚ್ಚಿಕೊಳ್ಳುತ್ತದೆ. ತಿಂಗಳಾಯಿತು, ವರ್ಷವಾಯಿತು. ಚಿಕ್ಕಮುನಿಯಪ್ಪ ರಜೆಯ ದಿನಗಳಲ್ಲಿ ಬಾಗಿಲಲ್ಲಿ ಕೂತು ಬೀಡಿ ಸೇದುತ್ತಾ, ಬೆರಳಿನಿಂದ ಮೊಣಕಾಲ ಮೇಲೆ ಏನೋ ಬಡಿದುಕೊಳ್ಳುತ್ತಿದ್ದ. ಮಗ ಬರುವುದು ಕಂಡರೆ ನಿಲ್ಲಿಸುತ್ತಿದ್ದ.

ತೊಂಬತ್ಮೂರರಲ್ಲಿ ಗಣಿಯ ಧೂಳು ಕುಡಿದ ಎದೆ ಕೈಕೊಟ್ಟು ಚಿಕ್ಕಮುನಿಯಪ್ಪ ತೀರಿಕೊಂಡ. ಲೈನಿನವರು ಮಾರಿಕುಪ್ಪಂ ಕಡೆಯಿಂದ ತಮಟೆಯವರನ್ನು ಕರೆಸಿದರು. ಅವರು ನಾಲಿಗೆ ಕಚ್ಚಿ, ಭುಜ ಕುಲುಕಿಸಿ, ಚಿಮ್ಮಿ ಚಿಮ್ಮಿ ಕುಣಿದರು. ಬಹಳ ಚೆನ್ನಾಗಿಯೇ ಕುಣಿದರು. ಆದರೆ ಅದು ಅವನ ಮನೆಯ ಹೆಜ್ಜೆಯಲ್ಲ, ಮುಂದೆ ಮುಖ ಮಾಡಿ ನಡೆದರು, ಹೆಣಕ್ಕೆ ಅವರ ಬೆನ್ನೇ ಕಾಣುತ್ತಿತ್ತು. ಮಾರಿಯಮ್ಮ ಮಗನ ಅಂಗಿ ಹಿಡಿದು ಜಗ್ಗಿದಳು, “ನೀ ಪೋಡುಡಾ ಕಣ್ಣು, ನೀನಾದ್ರೂ ಆ ಎಜ್ಜೆ ಆಕು” ಎಂದಳು. ಅವನು ಕೊಸರಿಕೊಂಡ. ಯಾವ ಮುಖ ಇಟ್ಟುಕೊಂಡು ಹಾಕುವುದು? ನಿನ್ನ ಅಪ್ಪ ಯಾರು ಎಂದಾಗ ಗೊತ್ತಿಲ್ಲ ಅಂದವನಿಗೆ ಅಪ್ಪನ ಮುಂದೆ ಕುಣಿಯುವ ಹಕ್ಕು ಎಲ್ಲಿಂದ ಬಂತು ಎಂದು ಅವನು ಗುಂಪಿನ ಹಿಂದೆ ಹಿಂದೆಯೇ ನಡೆದ.

ಅಷ್ಟರಲ್ಲಿ ಬ್ರೇಕ್ ಡ್ಯಾನ್ಸಿನ ಹುಚ್ಚೂ ಇಳಿದಿತ್ತು. ರಿಕ್ಕಿ ಮಾಸ್ಟರ್ ಸ್ಕೂಲುಗಳ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಕುಣಿತ ಹೇಳಿಕೊಟ್ಟು ಬದುಕುತ್ತಿದ್ದ. ತೊಂಬತ್ತೈದರಲ್ಲಿ ಬೂದಿಕೋಟೆಯ ಒಂದು ಶಾಲೆಯ ಮೇಡಂ ಹುಡುಕಿಕೊಂಡು ಬಂದರು. “ಮಾಸ್ಟ್ರೇ, ಬ್ರೇಕ್ ಡ್ಯಾನ್ಸ್ ಎಲ್ಲಾ ಹಳೇದಾಯ್ತು. ಈಗ ಜಾನಪದಕ್ಕೇ ಬಹುಮಾನ. ನಮ್ಮ ಕಡೆಯ ಅಸಲಿ ತಮಟೆ ಕುಣಿತ ಬಲ್ಲವರು ಯಾರಾದ್ರೂ ನಿಮಗೆ ಗೊತ್ತಾ?” ಎಂದರು. ‘ಒಬ್ಬರಿದ್ದರು’ ಎಂದ ಕುಪ್ಪುಸ್ವಾಮಿ. ಮಾರನೆಯ ದಿನ ಬೂದಿಕೋಟೆ ಬಸ್ಸು ಹತ್ತಿದ, ಆದರೆ ಇಳಿದು ನಡೆದದ್ದು ಶಾಲೆಯ ಕಡೆಗಲ್ಲ.

ವೆಂಕಟರತ್ನಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎಪ್ಪತ್ತು ದಾಟಿ ಬೆನ್ನು ಬಾಗಿತ್ತು. ಒಳಗೆ ವೆಂಕಟೇಶಪ್ಪನ ಇಬ್ಬರು ಮಕ್ಕಳು ಗಲಾಟೆ ಮಾಡುತ್ತಿದ್ದರು. ಸಾವಿನ ಹೆಜ್ಜೆ ಆ ಮನೆಯ ಒಂದು ಕೂದಲನ್ನೂ ಕೊಂಕಿಸಿರಲಿಲ್ಲ. ಕುಪ್ಪುಸ್ವಾಮಿ ಅಂಗಳದಲ್ಲೇ ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದ.

“ಅಮ್ಮಾ, ಆವತ್ತಿನ ಮದುವೇಲಿ ತಪ್ಪು ನಮ್ಮಪ್ಪಂದಲ್ಲ, ನಂದು. ನಾನು ಚಿಕ್ಕಮುನಿಯಪ್ಪನ ಮಗ.”

ಮುದುಕಿ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಗೊತ್ತು ಕಣಪ್ಪ,” ಎಂದಳು.

“ಗೊತ್ತಾ? ಯಾವಾಗಿಂದ?”

“ನೀನು ಇಮ್ಮಡಿ ಎರಡು ಸಲ ಕುಟ್ದಾಗಿಂದ. ಆ ಎಜ್ಜೆ ನಿಮ್ಮನೇದು, ಬ್ಯಾರೆ ಯಾರಿಗೂ ಬರಲ್ಲ. ನಮ್ಮ ಮಾವನ ಮುಂದೆ ನಿಮ್ ತಾತ ಆಕಿದ್ದ, ನಮ್ಮ ಯಜಮಾನ್ರ ಮುಂದೆ ನಿಮ್ಮಪ್ಪ ಆಕ್ದ.”

“ಗೊತ್ತಿದ್ದೂ ಯಾಕಮ್ಮ ಕೇಳಿದ್ರಿ, ಯಾರ ಮಗ ಅಂತ?”

“ನೀನು ಬಾಯ್ಬಿಟ್ಟು ಅನ್ಲಿ ಅಂತ. ಆ ಮನೆ ಉಡುಗ ಮರೆತು ಆಕ್ಬುಟ್ರೆ ಅದು ತಪ್ಪಲ್ಲಪ್ಪ, ಅವರ ಎಜ್ಜೆ ಅವರ ಕಾಲಿಗೆ ಬಂತು ಅಷ್ಟೆ. ಅಪ್ಪ ಬಂದು ‘ನನ್ ಮಗ, ಒಟ್ಟೇಗಾಕ್ಕಳಿ’ ಅಂತಾನೆ, ಒಂದು ತೆಂಗಿನಕಾಯಿ ಒಡೀತೀವಿ, ಮುಂದಕ್ಕೋಯ್ತೀವಿ. ನನ್ ಮದುವೇಲಿ ನಿಮ್ಮಪ್ಪನೇ ಆಕಿದ್ದ, ಇಷ್ಟುದ್ದ ಇದ್ದ ಆವಾಗ. ನಿಮ್ ತಾತ ಅವನ ತಲೆ ಮೇಲೆ ಕೈಯಿಟ್ಟು ಅಂಗೇ ಅಂದ. ಎಲ್ಲಾ ನಕ್ಕು ಸುಮ್ನಾದ್ವಿ.”

ಕುಪ್ಪುಸ್ವಾಮಿಗೆ ಈಗ ಅರ್ಥವಾಯಿತು. ಅಪ್ಪನಿಗೆ ಇದೆಲ್ಲ ಗೊತ್ತಿತ್ತು. ಬೀದಿಯಲ್ಲಿ ಅವನು ಮಗನ ಮುಖವನ್ನೇ ನೋಡುತ್ತಾ ನಿಂತದ್ದು ಭಯದಿಂದಲ್ಲ. ಮಗ ಒಂದು ಮಾತು ಆಡಿದರೆ ಬಂದು ತಲೆಯ ಮೇಲೆ ಕೈಯಿಡಲು ಕಾಯುತ್ತಿದ್ದ.

“ಆಮೇಲಾದ್ರೂ ಕರೀಬೋದಿತ್ತಲ್ಲಮ್ಮ ಅವನ್ನ,” ಎಂದ. ದೂರಿದಂತೆ ಬಂದ ತನ್ನ ದನಿಗೆ ಅವನಿಗೇ ಹೇಸಿಗೆಯಾಯಿತು.

“ಎರಡು ಸಲ ಆಳು ಕಳಿಸ್ದೆ. ‘ಬಾ, ನನ್ ಮಗ ಅನ್ನು, ಕೋದಂಡನ್ನ ನಾನು ಒಪ್ಪಿಸ್ತೀನಿ’ ಅಂದೆ. ‘ನಾನೇ ಬಂದು ಅಂದ್ರೆ ಉಡುಗನ ಎಸ್ರು ಕೆಡ್ತದೆ ಅಮ್ಮ, ಅವನೇ ಬಂದು ಅಂತಾನೆ, ಬತ್ತಾನೆ’ ಅಂದ. ಎರಡು ಸಲಾನೂ ಅದೇ ಮಾತು.” ಮುದುಕಿ ಮೊದಲ ಸಲ ಕೈ ನಿಲ್ಲಿಸಿ ಅವನ ಮುಖ ನೋಡಿದಳು. “ಐದು ವರ್ಷ ಕಾದ ಕಣಪ್ಪ ನಿಮ್ಮಪ್ಪ. ನಿಮ್ಮ ಗಣಿ ಕಡೆಯಿಂದ ಇಲ್ಲಿಗೆ ದಿನಕ್ಕೆ ಎಷ್ಟೊಂದು ಬಸ್ಸವೆ.”